ಯಾರ ಫೋನಿನಲ್ಲಿರೋದು ಸರಿಯಾದ ಪಟ್ಟಿ?

(ಸೋಮನೂರಿನಲ್ಲಿ ಗಡಿನಾಡಿನ ಕನ್ನಡದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇವೆ. ಓದಿ, ಗೆಳೆಯರಿಗೂ ಹಂಚಿ.)

ಕನ್ನಡದ ಬಗ್ಗೆ ಏನಾದ್ರೂ ಮಾತಾಡಿ ಅಂತ ಕರೆದ್ರು. ನಾನು ಸಾಹಿತಿ ಅಲ್ಲ, ಸಾಫ್ಟ್‌ವೇರ್ ಕೆಲಸದವನು. ಹಾಗಾಗಿ ನಾವು ನಾಲ್ಕು ಜನ ಸೇರಿ ಒಂದು ಪದಪಟ್ಟಿಯನ್ನ ಹೇಗೆ ಹಾಳು ಮಾಡಿದ್ವಿ, ಆಮೇಲೆ ಏನು ಕಲಿತ್ವಿ ಅನ್ನೋದನ್ನ ಹೇಳ್ತೀನಿ. ನಡುವೆ ಕಂಪ್ಯೂಟರ್ ವಿಷಯ ಬರತ್ತೆ. ನಿದ್ದೆ ಬಂದೋರು ಹಿಂದಿನ ಸಾಲಿಗೆ ಹೋಗಬಹುದು, ಬೇಜಾರಿಲ್ಲ.

ಹೊರಗಿನಿಂದ ಬಂದಿರೋರಿಗೆ ಮೊದಲು ಊರಿನ ಬಗ್ಗೆ ಎರಡು ಮಾತು. ಸೋಮನೂರು, ಕರುಮತ್ತಂಪಟ್ಟಿ, ಪಲ್ಲಡಂ ಇವೆಲ್ಲ ಪವರ್‌ಲೂಮ್ ಊರುಗಳು. ಇಲ್ಲಿ ಬಹಳಷ್ಟು ದೇವಾಂಗದವರ ಮನೆಗಳಲ್ಲಿ ಕನ್ನಡ ಮಾತಾಡ್ತೀವಿ, ಬೀದಿಗೆ ಇಳಿದ್ರೆ ತಮಿಳು. ಶಾಲೆಯಲ್ಲಿ ಓದಿದ್ದು ತಮಿಳು, ಇಂಗ್ಲಿಷು. 2011ರ ಜನಗಣತಿಯಲ್ಲಿ ತಮಿಳುನಾಡಿನ ನೂರಕ್ಕೆ 1.78 ಜನ ಕನ್ನಡ ತಾಯ್ನುಡಿ ಅಂತ ಬರೆಸಿದ್ದಾರೆ, ಅಂದ್ರೆ 12 ಲಕ್ಷಕ್ಕೂ ಹೆಚ್ಚು. ಅದರಲ್ಲಿ ನಮ್ಮಂಥೋರ ಬಾಯಲ್ಲಿ ಕನ್ನಡ ಇದೆ, ಕೈಯಲ್ಲಿ ಕನ್ನಡ ಅಕ್ಷರ ಇಲ್ಲ. ನಮ್ಮ ಗುಂಪಿನ ನಾಲ್ವರಲ್ಲಿ ಕನ್ನಡ ಲಿಪಿ ಬರ್ತಿದ್ದಿದ್ದು ಇಬ್ಬರಿಗೆ. ಉಳಿದಿಬ್ಬರು ತಮಿಳು ಅಕ್ಷರದಲ್ಲಿ ಬರೆದುಕೊಳ್ತಿದ್ರು.

ನಾವು ಶುರು ಮಾಡಿದ್ದು ಮಗ್ಗದ ಪದಗಳಿಂದ. ನಮ್ಮ ದೊಡ್ಡಪ್ಪನ ಶೆಡ್ಡಿನಲ್ಲಿ ಹಳೇ ಲಾಳಿ ಮಗ್ಗಗಳಿದ್ವು. ದೊಡ್ಡಪ್ಪ ಒಂದೊಂದು ಭಾಗದ ಮೇಲೆ ಕೈ ಇಟ್ಟು ಹೆಸರು ಹೇಳ್ತಿದ್ರು, ನಾವು ಫೋನಿನಲ್ಲಿ ಬರೆದುಕೊಳ್ತಿದ್ವಿ. ಹಾಸು, ಹೊಕ್ಕು, ಕಂಡಿಕೆ. ಅವರು ಲಾಳಿ ಅಂದದ್ದನ್ನ ಪಕ್ಕದ ಮನೆಯ ಅಣ್ಣ ತಮಿಳಿನ ಹಾಗೆ ನಾಡಾ ಅಂತಿದ್ರು. ಇಬ್ಬರೂ ಕನ್ನಡದಲ್ಲೇ ಮಾತಾಡ್ತಿದ್ರು ಅನ್ನೋದು ತಮಾಷೆ. ಮಗ್ಗ ಓಡೋವಾಗ ಶೆಡ್ಡಿನೊಳಗೆ ಮಾತು ಕೇಳಿಸಲ್ಲ, ಅದಕ್ಕೆ ಕರೆಂಟ್ ಹೋದಾಗ ಮಾತ್ರ ನಮ್ಮ ಕೆಲಸ. ಬೆಳಿಗ್ಗೆ ಇಬ್ಬರು ಒಂದು ಶೆಡ್ಡಿಗೆ, ಸಂಜೆ ಇಬ್ಬರು ಇನ್ನೊಂದಕ್ಕೆ. ಎಲ್ಲರ ಫೋನಿನಲ್ಲೂ ಒಂದೊಂದು ಪಟ್ಟಿ. ವಾಟ್ಸಾಪ್‌ನಲ್ಲಿ ಕಳಿಸಿಕೊಳ್ತಿದ್ವಿ. "ಪದಪಟ್ಟಿ", "ಪದಪಟ್ಟಿ ಹೊಸದು", "ಪದಪಟ್ಟಿ ಹೊಸದು 2 ಇದೇ ಕೊನೇದು". ನಗ್ತಿದ್ದೀರ ಅಂದ್ರೆ ನಿಮ್ಮ ಫೋನಿನಲ್ಲೂ ಇದೆ ಅಂತ ಅರ್ಥ.

ಇದು ಸರಿಹೋಗಲ್ಲ ಅಂತ ಒಂದು ಆಪ್ ಹಾಕಿದ್ವಿ. ನಾಲ್ಕು ಫೋನಿನ ಫೈಲನ್ನ ತಾನೇ ಒಂದು ಮಾಡತ್ತೆ. ಅದರ ನಿಯಮ ಸರಳ: ಯಾವ ಫೈಲಿನ ತಾರೀಕು ಹೊಸದೋ ಅದನ್ನ ಉಳಿಸು, ಉಳಿದದ್ದನ್ನ ಅಳಿಸು. ನಮ್ಮಲ್ಲಿ ಒಬ್ಬ ಫೋನಿನ ತಾರೀಕನ್ನ ಒಂದು ವರ್ಷ ಮುಂದಕ್ಕೆ ತಿರುಗಿಸಿಟ್ಟಿದ್ದ. ಯಾಕೆ? ಗೇಮಿನಲ್ಲಿ ಹೊಸ ಲೈಫ್ ಸಿಗಲಿ ಅಂತ! ಅವನ ಪಟ್ಟಿಯಲ್ಲಿ ನಮ್ಮದರ ಅರ್ಧವೂ ಇರಲಿಲ್ಲ. ಆದ್ರೆ ಆಪ್‌ನ ಕಣ್ಣಿಗೆ ಅದೇ ಎಲ್ಲಕ್ಕಿಂತ ಹೊಸದು. ಒಂದು ರಾತ್ರಿಯಲ್ಲಿ ನಾಲ್ಕೂ ಫೋನಿನಲ್ಲಿ ಆ ಅರ್ಧ ಪಟ್ಟಿ ಕೂತ್ಕೊಂಡಿತು.

ಹೋದ್ರೆ ಹೋಗ್ಲಿ, ಮತ್ತೆ ಕೇಳೋಣ ಅಂತ ದೊಡ್ಡಪ್ಪನ ಹತ್ರ ಹೋದೆ. ಅಷ್ಟರಲ್ಲಿ ಮಗ್ಗಗಳನ್ನ ಹಳೇ ಕಬ್ಬಿಣದ ಲೆಕ್ಕದಲ್ಲಿ ಮಾರಿಬಿಟ್ಟಿದ್ರು. ಶೆಡ್ಡು ಖಾಲಿ. ಹಗ್ಗದ ಮಂಚದ ಮೇಲೆ ಕೂತು ಯೋಚನೆ ಮಾಡಿದ್ರು, ಕೈ ಗಾಳಿಯಲ್ಲಿ ಆಡಿಸಿದ್ರು. "ಮಗ್ಗ ಎದುರಿಗಿದ್ರೆ ಕೈ ಇಟ್ಟು ಹೇಳ್ಬಿಡ್ತಿದ್ದೆ ಕಣೋ. ಈಗ ನೆನಪಿಗೆ ಬರ್ತಿಲ್ಲ" ಅಂದ್ರು. ಅವತ್ತು ಸಿಕ್ಕಿದ್ದು ಮೊದಲಿನದರಲ್ಲಿ ಕಾಲು ಭಾಗ.

ಅವತ್ತು ನಮ್ಮ ಹುಡುಗನನ್ನ ಬೈದೆ. ಈಗ ಅನ್ನಿಸತ್ತೆ, ಅವನನ್ನ ಬೈದಿದ್ದು ತಪ್ಪು. ಗಡಿಯಾರವನ್ನ ನಂಬಿ "ಕೊನೆಗೆ ಬರೆದೋನದೇ ಸರಿ" ಅನ್ನೋ ನಿಯಮ ಇಟ್ಟಿದ್ದೇ ತಪ್ಪು. ಬೇರೆ ಬೇರೆ ಕಡೆ ಇರೋ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೋಡೆ ಗಡಿಯಾರ ನೋಡಿ ಹೇಳಕ್ಕಾಗಲ್ಲ ಅಂತ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಬರೆದಿದ್ದಾರೆ. ಅವರ ಉಪಾಯ ಇಷ್ಟೇ. ಪ್ರತಿ ಯಂತ್ರವೂ ಒಂದು ಎಣಿಕೆ ಇಟ್ಟುಕೊಳ್ಳಲಿ. ಏನಾದ್ರೂ ಮಾಡಿದಾಗ ಒಂದು ಹೆಚ್ಚಿಸಲಿ. ಇನ್ನೊಬ್ಬರಿಂದ ಸುದ್ದಿ ಬಂದ್ರೆ, ಅವರ ಎಣಿಕೆ, ನನ್ನ ಎಣಿಕೆ ಎರಡರಲ್ಲಿ ದೊಡ್ಡದನ್ನ ತಗೊಂಡು ಅದಕ್ಕೆ ಒಂದು ಸೇರಿಸಲಿ. ನಾನು ನಿನ್ನ ಮಾತು ಕೇಳಿಸಿಕೊಂಡ ಮೇಲೆ ಬರೆದದ್ದಕ್ಕೆ ಯಾವಾಗಲೂ ನಿನ್ನದಕ್ಕಿಂತ ದೊಡ್ಡ ನಂಬರೇ ಬರತ್ತೆ. ಗೇಮ್ ಆಡೋನ ತಾರೀಕು ಇಲ್ಲಿ ಲೆಕ್ಕಕ್ಕೇ ಬರಲ್ಲ.

ನಿಮ್ಮಲ್ಲಿ ಯಾರೋ ಕೇಳ್ತೀರ: ಗೂಗಲ್ ಡಾಕ್ಸ್ ಇದೆಯಲ್ಲ ಅಣ್ಣ, ಎಲ್ಲರೂ ಅದರಲ್ಲೇ ಬರೆದ್ರೆ ಆಯ್ತು. ಆಗತ್ತೆ. ಅದು ನಡುವೆ ಒಂದು ಸರ್ವರ್ ಕೂರಿಸಿ, ಎಲ್ಲರ ಬದಲಾವಣೆಯನ್ನ ಅದರ ಮೂಲಕ ಸಾಲಾಗಿ ಹಾಯಿಸೋ ದಾರಿ. ಅದರ ಹಿಂದಿನ ಲೆಕ್ಕಕ್ಕೆ ಆಪರೇಷನಲ್ ಟ್ರಾನ್ಸ್‌ಫರ್ಮೇಷನ್ ಅಂತಾರೆ, 1989ರಷ್ಟು ಹಳೇದು. ತಾಳವಾಡಿ ಬೆಟ್ಟದ ಹಳ್ಳಿಯಲ್ಲಿ ಸಿಗ್ನಲ್ ಹುಡುಕಿಕೊಂಡು ಕಲ್ಲು ಹತ್ತೋನಿಗೆ ಆ ಸರ್ವರ್ ದೂರ. ಇನ್ನೊಂದು ವಿಷಯನೂ ಇದೆ: ಪಟ್ಟಿಯ ಅಸಲಿ ಪ್ರತಿ ಎಲ್ಲಿರತ್ತೆ? ಅಕೌಂಟ್ ಲಾಕ್ ಆದ್ರೆ? ನಮ್ಮಂಥ ಸಣ್ಣ ಗುಂಪುಗಳಲ್ಲಿ ಪಾಸ್‌ವರ್ಡ್ ಇರೋದು ಒಬ್ಬರ ಹತ್ರ. ಅವರಿಗೆ ಮದುವೆ ಆಗಿ, ಕೆಲಸ ಸಿಕ್ಕಿ ಊರು ಬಿಟ್ರೆ ಪಾಸ್‌ವರ್ಡೂ ಹೋಯ್ತು. ಎಷ್ಟು ಸಂಘದ ಪೇಜುಗಳು ಹೀಗೆ ಅನಾಥವಾಗಿವೆ ಅಂತ ನಿಮಗೇ ಗೊತ್ತು.

2011ರಲ್ಲಿ ಮಾರ್ಕ್ ಶಪಿರೊ, ನುನೊ ಪ್ರೆಗಿಸಾ, ಕಾರ್ಲೊಸ್ ಬಕೇರೊ, ಮಾರೆಕ್ ಜವಿರ್ಸ್ಕಿ ಅನ್ನೋ ನಾಲ್ವರು ಒಂದು ಲೇಖನ ಬರೆದ್ರು. ಕಾನ್‌ಫ್ಲಿಕ್ಟ್ ಫ್ರೀ ರೆಪ್ಲಿಕೇಟೆಡ್ ಡೇಟಾ ಟೈಪ್, ಚಿಕ್ಕದಾಗಿ ಸಿಆರ್‌ಡಿಟಿ. ಯಜಮಾನ ಸರ್ವರ್ ಇಲ್ಲದೆ, ಎಲ್ಲರೂ ತಮ್ಮ ತಮ್ಮ ಪ್ರತಿಯಲ್ಲಿ ಯಾವಾಗ ಬೇಕಾದ್ರೂ ಬರೆಯಬಹುದು, ಸಿಕ್ಕಾಗ ಒಂದು ಮಾಡಿಕೊಳ್ಳಬಹುದು, ಕೊನೆಗೆ ಎಲ್ಲರ ಹತ್ರ ಒಂದೇ ಇರತ್ತೆ. ಅಂಥ ಲೆಕ್ಕದ ಪುಸ್ತಕಗಳನ್ನ ಹೇಗೆ ಕಟ್ಟೋದು ಅಂತ ಅದರಲ್ಲಿದೆ.

ಹೆಸರು ಕೇಳಿ ಹೆದರಬೇಡಿ. ಮಗ್ಗದ ಶೆಡ್ಡಿನಲ್ಲೇ ಅರ್ಥ ಮಾಡಿಕೊಳ್ಳೋಣ. ಒಂದು ಬೀಮು ಹಾಕಿದೆ. ಹಗಲು ಪಾಳಿಯೋನು, ರಾತ್ರಿ ಪಾಳಿಯೋನು ಇಬ್ಬರೂ ನೇಯ್ತಾರೆ. ಇಬ್ಬರ ಹತ್ರವೂ ಒಂದೊಂದು ನೋಟು ಪುಸ್ತಕ. ಎರಡರಲ್ಲೂ ಎರಡೆರಡು ಕಾಲಂ: ಹಗಲು, ರಾತ್ರಿ. ಇಲ್ಲಿವರೆಗೆ ಒಟ್ಟು ಎಷ್ಟು ಮೀಟರ್ ನೇಯ್ದೆ ಅಂತ ಬರೀಬೇಕು. ಕಟ್ಟುಪಾಡು ಒಂದೇ: ನನ್ನ ಕಾಲಂನಲ್ಲಿ ನಾನು ಮಾತ್ರ ಬರೀಬೇಕು. ಇನ್ನೊಬ್ಬನ ಕಾಲಂ ಅವನ ಪುಸ್ತಕ ನೋಡಿ ನಕಲು ಮಾಡಿದ್ದು ಅಷ್ಟೇ. ಈಗ ಹಗಲಿನೋನ ಪುಸ್ತಕದಲ್ಲಿ ಹಗಲು 152, ರಾತ್ರಿ 130 ಇದೆ. ರಾತ್ರಿಯೋನ ಪುಸ್ತಕದಲ್ಲಿ ಹಗಲು 140, ರಾತ್ರಿ 135. ಯಾರದು ಸರಿ? ಇಬ್ಬರದೂ ಅರ್ಧ ಸರಿ. ಒಬ್ಬನದನ್ನ ಇಟ್ಟು ಇನ್ನೊಬ್ಬನದನ್ನ ಹರಿದ್ರೆ ಯಾರಿಗೋ ಕೂಲಿ ಖೋತಾ. ಎರಡೂ ಪುಸ್ತಕದ ಒಟ್ಟನ್ನ ಕೂಡಿಸಿದ್ರೆ ನೇಯದ ಬಟ್ಟೆಗೂ ಕೂಲಿ. ಪ್ರತಿ ಕಾಲಂನಲ್ಲಿ ದೊಡ್ಡದನ್ನ ತಗೊಳ್ಳಿ: 152, 135. ಒಟ್ಟು 287 ಮೀಟರ್. ಮುಗೀತು.

ಈ "ದೊಡ್ಡದನ್ನ ತಗೋ" ಅನ್ನೋದರಲ್ಲಿ ಮೂರು ಗುಣ ಇದೆ. ನಿನ್ನದನ್ನ ನನ್ನದಕ್ಕೆ ಸೇರಿಸಿದ್ರೂ, ನನ್ನದನ್ನ ನಿನ್ನದಕ್ಕೆ ಸೇರಿಸಿದ್ರೂ ಉತ್ತರ ಒಂದೇ. ಮೂರನೆಯೋನು ಬಂದ್ರೆ ಯಾರಿಬ್ಬರು ಮೊದಲು ತಾಳೆ ನೋಡಿದ್ರು ಅನ್ನೋದು ಮುಖ್ಯ ಅಲ್ಲ. ಒಂದೇ ಪುಸ್ತಕವನ್ನ ಹತ್ತು ಸಲ ಸೇರಿಸಿದ್ರೂ ಲೆಕ್ಕ ಹೆಚ್ಚಾಗಲ್ಲ. ನಮ್ಮ ನೆಟ್‌ವರ್ಕ್ ಮಾಡೋ ಕಿತಾಪತಿ ಇವೇ ಮೂರು ತಾನೆ? ಮೆಸೇಜು ಹಿಂದೆ ಮುಂದೆ ಬರತ್ತೆ, ಸುತ್ತಿ ಬಳಸಿ ಬರತ್ತೆ, ಒಂದೇ ಮೆಸೇಜು ಎರಡು ಸಲ ಬರತ್ತೆ. ಮೂರನ್ನೂ ಗಣಿತವೇ ತಡ್ಕೊಳ್ಳತ್ತೆ.

ಸೇರಿಸೋದು ಸುಲಭ, ಅಳಿಸೋದೇ ಕಷ್ಟ. 2007ರಲ್ಲಿ ಅಮೆಜಾನ್‌ನವರು ತಮ್ಮ ಡೈನಮೊ ಅನ್ನೋ ವ್ಯವಸ್ಥೆಯ ಬಗ್ಗೆ ಬರೆದಾಗ ತಾವೇ ಒಪ್ಪಿಕೊಂಡಿದ್ರು: ಗಿರಾಕಿ ಬುಟ್ಟಿಯಿಂದ ತೆಗೆದ ಸಾಮಾನು ಕೆಲವು ಸಲ ವಾಪಸ್ ಬಂದು ಕೂರಬಹುದು ಅಂತ. ಎರಡು ಪ್ರತಿ ಸೇರಿಸುವಾಗ "ಇವನ ಹತ್ರ ಇದೆ, ಅವನ ಹತ್ರ ಇಲ್ಲ" ಅಂದ್ರೆ, ಅವನಿಗೆ ಇನ್ನೂ ಬಂದಿಲ್ಲವೋ ಅಥವಾ ಬಂದಿದ್ದನ್ನ ಅಳಿಸಿದನೋ ಹೇಗೆ ಗೊತ್ತಾಗ್ಬೇಕು? ಅದಕ್ಕೆ ಸಿಆರ್‌ಡಿಟಿಯಲ್ಲಿ ಪ್ರತಿ ಸೇರ್ಪಡೆಗೂ ಒಂದು ಚೀಟಿ ಅಂಟಿಸ್ತಾರೆ: ಯಾವ ಫೋನು, ಎಷ್ಟನೇ ಎಣಿಕೆ. ಅಳಿಸೋದು ಅಂದ್ರೆ "ನಾನು ಕಣ್ಣಾರೆ ಕಂಡ ಈ ಚೀಟಿಗಳು ರದ್ದು" ಅಂತ ಬರೆಯೋದು. ಅಷ್ಟರಲ್ಲಿ ನನಗೆ ಗೊತ್ತಿಲ್ಲದೆ ತಾಳವಾಡಿಯ ತಂಗಿ ಅದೇ ಪದವನ್ನ ಹೊಸದಾಗಿ ಸೇರಿಸಿದ್ರೆ, ಅವಳ ಚೀಟಿ ನಾನು ಕಂಡಿಲ್ಲ, ಅದು ಉಳಿಯತ್ತೆ. ಕಾಣದ್ದನ್ನ ಅಳಿಸೋ ಹಕ್ಕು ಯಾರಿಗೂ ಇಲ್ಲ. ನನಗೆ ಈ ನಿಯಮ ಬಹಳ ಇಷ್ಟ.

ಎಲ್ಲದಕ್ಕೂ ಇದೇ ಮದ್ದು ಅಂತ ಹೇಳೋ ಸೇಲ್ಸ್‌ಮನ್ ನಾನಲ್ಲ. ಗೋಡೌನಿನಲ್ಲಿ ಹತ್ತು ನೂಲಿನ ಕೋನ್ ಇದೆ ಅಂದ್ಕೊಳ್ಳಿ. ನೆಟ್ ಇಲ್ಲದಾಗ ಇಬ್ಬರು ಗುಮಾಸ್ತರು ಎಂಟೆಂಟು ಕೊಡ್ತೀನಿ ಅಂತ ಚೀಟಿ ಬರೆದ್ರೆ, ಸಿಆರ್‌ಡಿಟಿ ಎರಡನ್ನೂ ಅಚ್ಚುಕಟ್ಟಾಗಿ ಸೇರಿಸಿ ಬಾಕಿ ಮೈನಸ್ ಆರು ಅಂತ ತೋರಿಸತ್ತೆ. ಇಬ್ಬರ ಪ್ರತಿಯಲ್ಲೂ ಒಂದೇ ತಪ್ಪು ಉತ್ತರ! ರೈಲಿನ ಸೀಟು, ಬ್ಯಾಂಕಿನ ಬಾಕಿ ಇಂಥ ಕಡೆ ಯಾರಾದ್ರೂ ಒಬ್ಬರು "ಇಲ್ಲ" ಅಂತ ಹೇಳಲೇಬೇಕು, ಅಲ್ಲಿಗೆ ಸರ್ವರ್ರೇ ಸರಿ. ಪದಪಟ್ಟಿಯಲ್ಲಿ ಯಾರೂ ಯಾರಿಗೂ "ಇಲ್ಲ" ಅನ್ನಬೇಕಿಲ್ಲ, ಅದಕ್ಕೇ ಇದು ಅಲ್ಲಿಗೆ ಹೊಂದತ್ತೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಇದಕ್ಕೆ ಒಳ್ಳೇ ಓಪನ್ ಸೋರ್ಸ್ ತಂತ್ರಾಂಶಗಳಿವೆ. ಕೆವಿನ್ ಯಾನ್ಸ್ ಶುರು ಮಾಡಿದ ವೈಜೆಎಸ್, ಮಾರ್ಟಿನ್ ಕ್ಲೆಪ್‌ಮನ್ ಮತ್ತು ಗೆಳೆಯರ ಆಟೊಮರ್ಜ್. ಎರಡೂ ಎಂಐಟಿ ಲೈಸೆನ್ಸಿನವು, ಯಾರು ಬೇಕಾದ್ರೂ ತಗೊಂಡು ತಿದ್ದಬಹುದು, ಕಾಸು ಕೊಡಬೇಕಿಲ್ಲ. ಕ್ಲೆಪ್‌ಮನ್ ಮತ್ತಿತರರು 2019ರಲ್ಲಿ "ಲೋಕಲ್ ಫಸ್ಟ್" ಅಂತ ಒಂದು ದೊಡ್ಡ ಪ್ರಬಂಧನೂ ಬರೆದಿದ್ದಾರೆ: ಅಸಲಿ ಪ್ರತಿ ನಿನ್ನ ಯಂತ್ರದಲ್ಲಿರಲಿ, ಸರ್ವರ್ ಬರೀ ಸಹಾಯಕ್ಕೆ ಅಂತ. ನಾವು ಇಂಥದ್ದೊಂದನ್ನ ತಗೊಂಡು ನಮ್ಮ ಪದಪಟ್ಟಿ ಆಪ್ ಕಟ್ಟಕ್ಕೆ ಹೊರಟ್ವಿ. ಇಂಗ್ಲಿಷ್‌ನಲ್ಲಿ ಎಲ್ಲ ಚೆನ್ನಾಗಿ ನಡೀತು. ಕನ್ನಡದಲ್ಲಿ ಸಿಕ್ಕಿಹಾಕ್ಕೊಂಡ್ವಿ.

ಇಲ್ಲಿ ಗಮನ ಕೊಡಿ. "ಸೋಮನೂರು" ನಮಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಏಳು ಸಂಕೇತ: ಸ, ಓತ್ವ, ಮ, ನ, ಊತ್ವ, ರ, ಉತ್ವ. ಸಿಆರ್‌ಡಿಟಿ ಪಠ್ಯದಲ್ಲಿ ಈ ಏಳಕ್ಕೂ ಒಂದೊಂದು ಚೀಟಿ. ನಾನು ನನ್ನ ಫೋನಿನಲ್ಲಿ "ನೂ" ತಪ್ಪು ಅಂತ ಊತ್ವ ಅಳಿಸಿ ಉತ್ವ ಹಾಕಿದೆ. ಅದೇ ಹೊತ್ತಿಗೆ ಇನ್ನೊಬ್ಬ "ನೂ" ಅನ್ನೋ ಅಕ್ಷರವನ್ನೇ ಪೂರ್ತಿ ಅಳಿಸಿದ. ಸೇರಿಸಿದಾಗ ಏನಾಯ್ತು? ಅವನು ನ ಮತ್ತು ಊತ್ವ ತೆಗೆದಿದ್ದಾನೆ. ನನ್ನ ಉತ್ವವನ್ನ ಅವನು ಕಂಡಿಲ್ಲ, ಅದು ಉಳೀತು. ಹೋಗಿ ಹಿಂದಿನ ಮ ಮೇಲೆ ಕೂತ್ಕೊಂಡಿತು. "ಸೋಮುರು"! ನಾನೂ ಬರೆದಿಲ್ಲ, ಅವನೂ ಬರೆದಿಲ್ಲ. ಎರಡೂ ಫೋನಿನಲ್ಲಿ ಮಾತ್ರ ಒಂದೇ ಥರ ಇದೆ, ಗಣಿತಕ್ಕೆ ಸಮಾಧಾನ. ಇಬ್ಬರೂ ಅದೇ ನ ಮೇಲೆ ಒಬ್ಬ ಉತ್ವ, ಒಬ್ಬ ಓತ್ವ ಹಾಕಿದ್ರಂತೂ ಒಂದು ವ್ಯಂಜನಕ್ಕೆ ಎರಡು ಸ್ವರಚಿಹ್ನೆ, ಪರದೆ ಮೇಲೆ ಚುಕ್ಕಿಚುಕ್ಕಿ ವೃತ್ತ. ನಾನು ಕಣ್ಣಲ್ಲಿ ನೋಡಿದಾಗ ಮೊದಲು ಫಾಂಟ್ ಕೆಟ್ಟಿದೆ ಅಂದ್ಕೊಂಡಿದ್ದೆ.

ಹಾಗಿದ್ರೆ ಅಕ್ಷರವನ್ನೇ ಒಂದು ತುಂಡು ಅಂತ ಇಟ್ಟುಕೊಳ್ಳೋಣ ಅಂತ ಹೊರಟ್ವಿ. ಎಲ್ಲಿ ಅಕ್ಷರ ಮುಗೀತು ಅಂತ ಹೇಳೋ ನಿಯಮ ಯೂನಿಕೋಡ್‌ನವರದು ಇದೆ. "ಲಕ್ಷ್ಮಿ" ನಮಗೆ ಎರಡು ಅಕ್ಷರ, ಲ ಮತ್ತು ಕ್ಷ್ಮಿ. ಹಳೇ ನಿಯಮದಲ್ಲಿ ಅದು ನಾಲ್ಕು ತುಂಡಾಗತ್ತೆ: ಲ, ಕ್, ಷ್, ಮಿ. ಒತ್ತಕ್ಷರವನ್ನ ಒಡೀಬಾರದು ಅಂತ 2023ರ ಯೂನಿಕೋಡ್ 15.1ರಲ್ಲಿ ತಿದ್ದುಪಡಿ ಬಂತು. ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ವು. ಕನ್ನಡ ಇರಲಿಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳೋ ವಿಷಯ ಅಲ್ಲ ಇದು. ಅಂಥ ಕಡೆ ಕೂತು ನಮ್ಮ ಲಿಪಿಯ ಬಗ್ಗೆ ತಾಳ್ಮೆಯಿಂದ ಬರೆಯೋರು ಬೇಕು. ನಾವು ನಮ್ಮ ಆಪ್‌ಗೆ ಸದ್ಯಕ್ಕೆ ಸ್ವಂತ ನಿಯಮ ಬರ್ಕೊಂಡ್ವಿ: ಅರ್ಧಾಕ್ಷರದ ಮುಂದೆ ವ್ಯಂಜನ ಬಂದ್ರೆ ಒಡೀಬೇಡ ಅಂತ.

ಇನ್ನೊಂದು ಸಣ್ಣ ತರಲೆ. ಓತ್ವವನ್ನ ಒಂದೇ ಸಂಕೇತವಾಗಿ ಬರೀಬಹುದು, ಒತ್ವಕ್ಕೆ ದೀರ್ಘದ ಚಿಹ್ನೆ ಸೇರಿಸಿಯೂ ಬರೀಬಹುದು. ನೋಡಕ್ಕೆ ಒಂದೇ, ಒಳಗೆ ಬೇರೆ. ಎರಡು ಫೋನಿನ "ಸೋಮನೂರು" ಎರಡು ಪದ ಅಂತ ಪಟ್ಟಿಯಲ್ಲಿ ಕೂತಿದ್ವು. ಉಳಿಸೋ ಮೊದಲು ಎಲ್ಲವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದ್ರೆ ಇದು ಸರಿಹೋಗತ್ತೆ. ತಮಿಳಿನಲ್ಲೂ ಇದೇ ಥರದ ತೊಂದರೆ ಇದೆ, ಹಾಗಾಗಿ ನಾವು ಬರೆದ ಪರೀಕ್ಷೆಗಳು ಪಕ್ಕದ ಮನೆಯೋರ ಲಿಪಿಗೂ ಉಪಯೋಗಕ್ಕೆ ಬಂದ್ವು.

ಆದ್ರೂ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ. ಮುಖ್ಯಪದವನ್ನ ಅಕ್ಷರ ಅಕ್ಷರವಾಗಿ ಹೊಲಿಯೋದೇ ಬೇಡ ಅಂತ ಕೊನೆಗೆ ತೀರ್ಮಾನ ಮಾಡಿದ್ವಿ. ಒಂದೇ ಹೊತ್ತಿಗೆ ಇಬ್ಬರು ತಿದ್ದಿದ್ರೆ ಎರಡೂ ರೂಪ ಪೂರ್ತಿಯಾಗಿ ಉಳೀಲಿ, ಎರಡನ್ನೂ ಪಕ್ಕಪಕ್ಕ ತೋರಿಸಲಿ, ಯಾವ ಮನೆಯಿಂದ ಬಂತು ಅನ್ನೋದೂ ಇರಲಿ. ಇದಕ್ಕೆ ಮಲ್ಟಿ ವ್ಯಾಲ್ಯೂ ರಿಜಿಸ್ಟರ್ ಅಂತ ಹೆಸರಿದೆ. ಯೋಚನೆ ಮಾಡಿ: ಲಾಳಿ ಅಂದ ದೊಡ್ಡಪ್ಪ, ನಾಡಾ ಅಂದ ಅಣ್ಣ, ಇಬ್ಬರಲ್ಲಿ ಒಬ್ಬರದೇ ಸರಿ ಅಂತ ಆಪ್ ಯಾಕೆ ಹೇಳಬೇಕು? ಲಾಳಿಯಿಲ್ಲದ ಮಗ್ಗಕ್ಕೆ ತಮಿಳಿನಲ್ಲಿ ನಾಡಾ ಇಲ್ಲದ ತರಿ ಅಂತಾರೆ. ಆ ಮಗ್ಗಗಳು ಬಂದ ಮೇಲೆ ಲಾಳಿ ಅನ್ನೋ ವಸ್ತುವೇ ಶೆಡ್ಡಿನಿಂದ ಹೋಗ್ತಿದೆ. ಇಂಥ ಹೊತ್ತಲ್ಲಿ ಎರಡೂ ಪದ ಇಟ್ಟುಕೊಳ್ಳೋ ಜಾಗ ಫೋನಿನಲ್ಲಿದೆ. ವಿವರಣೆ ಬರೆಯೋ ಉದ್ದ ಪಠ್ಯಕ್ಕೆ ಮಾತ್ರ ಅಕ್ಷರ ಮಟ್ಟದ ಸೇರಿಕೆ. ದನಿಯ ಫೈಲನ್ನ ಸೇರಿಸೋ ಪ್ರಶ್ನೆಯೇ ಇಲ್ಲ, ಒಮ್ಮೆ ರೆಕಾರ್ಡ್ ಆದದ್ದು ಬದಲಾಗಲ್ಲ. ಕನ್ನಡ ಲಿಪಿ ಬಾರದೋರು ತಮಿಳಿನಲ್ಲೇ ಬರೀಲಿ, ಜೊತೆಗೆ ದನಿ ಕಡ್ಡಾಯ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಕೇಳಿದ್ರೆ ಮಾತ್ರ ಗೊತ್ತಾಗೋದು.

ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ "ಅಲರ್" ಕನ್ನಡ ಇಂಗ್ಲಿಷ್ ನಿಘಂಟು ನೋಡಿದ್ದೀರಲ್ಲ? ಒಂದೂವರೆ ಲಕ್ಷದಷ್ಟು ಪದ, ಮುಕ್ತ ಲೈಸೆನ್ಸಿನಲ್ಲಿ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಒಬ್ಬರೇ ಬರೆದ ಪುಸ್ತಕದಲ್ಲಿ ಎರಡು ಪ್ರತಿಯ ಜಗಳ ಬರಲ್ಲ. ನಮಗೆ ಅಂಥ ಒಬ್ಬರಿಲ್ಲ. ನಮಗಿರೋದು ಸಂಜೆ ಎರಡು ಗಂಟೆ ಬಿಡುವಿರೋ, ನೆಟ್ ಪ್ಯಾಕ್ ಮುಗಿದಿರೋ ಇಪ್ಪತ್ತು ಮೂವತ್ತು ಹುಡುಗ ಹುಡುಗಿಯರು. ನಮ್ಮ ಪಟ್ಟಿನೂ ಹಾಗೇ ಮುಕ್ತವಾಗಿರಲಿ ಅಂತ ಮೊದಲ ದಿನವೇ ಬರೆದಿಟ್ಟಿದ್ದೀವಿ. ನಾಳೆ ನಾವು ಜಗಳ ಆಡಿಕೊಂಡು ಬೇರೆಯಾದ್ರೂ ಪ್ರತಿಯೊಬ್ಬರ ಫೋನಿನಲ್ಲೂ ಪೂರ್ತಿ ಪಟ್ಟಿ ಇರತ್ತೆ.

ಕೋಡ್ ಬರೆಯೋರಿಗೆ ಒಂದು ಕೆಲಸ ಹೇಳ್ತೀನಿ. ಕೊಯಮತ್ತೂರಿನ ಕಾಲೇಜುಗಳಲ್ಲಿ ಕಂಪ್ಯೂಟರ್ ಓದ್ತಿರೋರು ಇಲ್ಲಿ ಕೈ ಎತ್ತಿದ್ರಲ್ಲ, ನಿಮಗೇ. ಮೂರು ಸುಳ್ಳು ಫೋನು ಸೃಷ್ಟಿ ಮಾಡಿ, ಮನಸ್ಸಿಗೆ ಬಂದ ಹಾಗೆ ಬರೆಸಿ, ಅಳಿಸಿ, ಮೆಸೇಜುಗಳನ್ನ ಕಲಸಿ, ಎರಡೆರಡು ಸಲ ಕಳಿಸಿ. ಕೊನೆಗೆ ಮೂರೂ ಒಂದೇ ಇದೆಯಾ ನೋಡಿ. ಈ ಥರದ ಪರೀಕ್ಷೆ ಸಿಆರ್‌ಡಿಟಿ ಕಟ್ಟೋರೆಲ್ಲ ಮಾಡ್ತಾರೆ, ಯಾಕಂದ್ರೆ ಸರಿ ಅಂತ ಪ್ರಕಟವಾದ ಹಳೇ ಲೆಕ್ಕಗಳಲ್ಲೇ ಎಷ್ಟೋ ಆಮೇಲೆ ತಪ್ಪು ಅಂತ ಗೊತ್ತಾಗಿದೆ. ಅದಕ್ಕೆ ನಮ್ಮದೊಂದು ಸಾಲು ಸೇರಿಸಿ: ವ್ಯಂಜನವಿಲ್ಲದೆ ನೇತಾಡ್ತಿರೋ ಸ್ವರಚಿಹ್ನೆ ಇದೆಯಾ? ಈ ಸಾಲು ಕೇಂಬ್ರಿಡ್ಜಿನಲ್ಲಿ ಕೂತೋರಿಗೆ ಹೊಳೆಯಲ್ಲ, "ಸೋಮುರು" ನೋಡಿ ನಕ್ಕೋರಿಗೆ ಹೊಳೆಯತ್ತೆ. ಸಿಕ್ಕ ತಪ್ಪನ್ನ ಆ ತಂತ್ರಾಂಶದ ಕಡತದಲ್ಲಿ ಸಣ್ಣ ಉದಾಹರಣೆ ಸಮೇತ ಬರೀರಿ. ಇಂಗ್ಲಿಷ್ ತಪ್ಪಾದ್ರೂ ಪರವಾಗಿಲ್ಲ, ಉದಾಹರಣೆ ಓಡಬೇಕು ಅಷ್ಟೇ.

ಕೋಡ್ ಬಾರದೋರಿಗೆ ಭಾನುವಾರ ಕೆಲಸ ಇದೆ. ಇಲ್ಲೇ ಹತ್ತಿರದಲ್ಲಿ ಇನ್ನೂ ಲಾಳಿ ಮಗ್ಗ ಓಡಿಸೋ ಎರಡು ಶೆಡ್ಡಿನೋರು ಬನ್ನಿ ಅಂದಿದ್ದಾರೆ. ದೊಡ್ಡಪ್ಪನೂ ಬರ್ತಾರೆ, ಮಗ್ಗದ ಮುಂದೆ ನಿಂತ್ರೆ ನೆನಪಾಗಬಹುದು ಅಂತ ಅವರೇ ಹೇಳಿದ್ರು. ಮಧ್ಯಾಹ್ನ ಪಾಳಿ ಬದಲಾಗುವಾಗ ಅರ್ಧ ಗಂಟೆ ಮಗ್ಗ ನಿಲ್ಲಿಸ್ತಾರಂತೆ, ಅಷ್ಟೇ ಸಮಯ. ಫೋನು ಪೂರ್ತಿ ಚಾರ್ಜ್ ಮಾಡ್ಕೊಂಡು ಬನ್ನಿ. ತಾರೀಕು ಹೆಂಗಿದ್ರೂ ನಡೆಯತ್ತೆ.